ಬಿಟ್ ಕಂಡರೆ ತಲೆ ಎತ್ತುವ ಕುದುರೆಗೆ ಕಡಿವಾಣ ಹಾಕುವುದು ಹೇಗೆ

ಬಿಟ್, ಅಂದರೆ ಕಡಿವಾಣದಲ್ಲಿ ಬಾಯೊಳಗೆ ಕೂರುವ ಲೋಹದ ಸರಳನ್ನು, ತುಟಿಯ ಹತ್ತಿರ ತಂದ ಕೂಡಲೇ ತಲೆ ಮೇಲೆತ್ತುವ, ಹಲ್ಲು ಬಿಗಿದು ನಿಲ್ಲುವ, ಹಿಂದಕ್ಕೆ ಸರಿಯುವ ಕುದುರೆಯನ್ನು ಕಂಡರೆ ಲಾಯದಲ್ಲಿ ಮೊದಲು ಬರುವ ಮಾತು "ಇದಕ್ಕೆ ಕೊಬ್ಬು ಜಾಸ್ತಿ" ಅಂತ. ಸುಮ್ಮನೆ ಹಟಕ್ಕೆ ಬಾಯಿ ಮುಚ್ಚುವ ಕುದುರೆ ಅಪರೂಪ. ಹೆಚ್ಚಿನವು ನೋವಿಗೆ ಮುಚ್ಚುತ್ತವೆ, ಉಳಿದವು ಹಿಂದೆಂದೋ ಆದ ನೋವಿನ ನೆನಪಿಗೆ. ಎರಡಕ್ಕೂ ಮದ್ದು ಬೇರೆ ಬೇರೆ. ನೋವಿರುವ ಬಾಯಿಗೆ ತರಬೇತಿ ಕೊಡಹೋದರೆ ರೋಗ ಬಲಿಯುತ್ತದೆ, ಅಷ್ಟೇ.

ಮೊದಲು ಎಲ್ಲಿ ಬೇಡ ಅನ್ನುತ್ತಿದೆ ಎಂದು ಗುರುತಿಸಿ. ಕಡಿವಾಣವನ್ನು ಗೂಟಕ್ಕೇ ಬಿಟ್ಟು, ಬರಿಗೈಯಲ್ಲಿ ಕುದುರೆಯ ಎಡಭುಜದ ಪಕ್ಕ ನಿಲ್ಲಿ. ಕುತ್ತಿಗೆಯಿಂದ ಕೆನ್ನೆ, ಕೆನ್ನೆಯಿಂದ ಕಿವಿಯ ಬುಡ, ನೆತ್ತಿ, ಹೀಗೆ ಕೈಯಾಡಿಸುತ್ತ ಹೋಗಿ. ಕಿವಿಯ ಬಳಿ ತಲೆ ಕೊಡವಿದರೆ ತೊಂದರೆ ಬಾಯಲ್ಲಿಲ್ಲ, ಕಿವಿಯಲ್ಲಿದೆ. ಒಳಗೆ ಉಣ್ಣಿ ಕೂತಿರಬಹುದು, ಬಿಳಿ ಹಕ್ಕಳೆಯಂಥ ಮಚ್ಚೆಗಳಿರಬಹುದು, ಅಥವಾ ಯಾರೋ ಹಿಂದೆ ಕಿವಿ ತಿರುಚಿ ಹಿಡಿದು ಕೆಲಸ ಮಾಡಿಸಿರಬಹುದು. ಕಿವಿಗೆ ಸುಮ್ಮನಿದ್ದು ಕಟಬಾಯಿಗೆ ಬೆರಳು ತಾಕಿದಾಗ ಬಿಗಿದರೆ ಬಾಯಿ ನೋಡಬೇಕು. ಎರಡಕ್ಕೂ ಸುಮ್ಮನಿದ್ದು, ಕಡಿವಾಣ ಕಣ್ಣಿಗೆ ಬಿದ್ದಾಗ ಮಾತ್ರ ಹಿಂದೆ ಸರಿದರೆ ಅದು ನೆನಪಿನ ತಕರಾರು.

ಬಾಯಿಯೊಳಗೆ ಏನೇನಿರುತ್ತದೆ

ಬಾಚಿಹಲ್ಲು ಮತ್ತು ದವಡೆಹಲ್ಲುಗಳ ನಡುವೆ ಹಲ್ಲಿಲ್ಲದ ವಸಡಿನ ಜಾಗವಿದೆ. ಬಿಟ್ ಕೂರುವುದು ಅಲ್ಲಿ, ನಾಲಿಗೆಯ ಮೇಲೆ. ಗಂಡು ಕುದುರೆಗಳಿಗೆ ಇದೇ ಜಾಗದಲ್ಲಿ ನಾಲ್ಕೈದನೇ ವರ್ಷಕ್ಕೆ ಕೋರೆಹಲ್ಲು ಮೂಡುತ್ತದೆ. ದವಡೆಹಲ್ಲಿಗೆ ತಾಗಿದಂತೆ ಮುಂದೆ, ಹೆಚ್ಚಾಗಿ ಮೇಲ್ದವಡೆಯಲ್ಲಿ, ವುಲ್ಫ್ ಟೂತ್ ಎಂಬ ಪುಟ್ಟ ಹಲ್ಲು ಕೆಲವಕ್ಕೆ ಬರುತ್ತದೆ. ಬಿಟ್ ಅದಕ್ಕೆ ತಾಗಿದರೆ ಕುದುರೆ ತಲೆ ಕೊಡವುತ್ತದೆ. ಎರಡೂವರೆಯಿಂದ ನಾಲ್ಕು ವರ್ಷದೊಳಗೆ ಹಾಲುದವಡೆಗಳು ಬೀಳುವುದರಿಂದ ಆ ವಯಸ್ಸಿನ ಕುದುರೆ ಒಂದು ವಾರ ಸರಿಯಿದ್ದು ಮರುವಾರ ಬಾಯಿ ಮುಚ್ಚಿದರೆ ಆಶ್ಚರ್ಯವಿಲ್ಲ. ವಯಸ್ಸಾದವಕ್ಕೆ ಮೇಲಿನ ದವಡೆಹಲ್ಲುಗಳ ಹೊರ ಅಂಚು ಚೂಪಾಗಿ ಕೆನ್ನೆಯನ್ನು ಕೊಯ್ಯುತ್ತದೆ, ಕೆಳಗಿನವುಗಳ ಒಳ ಅಂಚು ನಾಲಿಗೆಯನ್ನು. ಮೇವು ಅಗಿದು ಉಂಡೆ ಮಾಡಿ ಉಗುಳುವುದು, ಬಾಯಿಂದ ದುರ್ವಾಸನೆ, ಒಂದೇ ಬದಿಯಲ್ಲಿ ಅಗಿಯುವುದು ಇದರ ಸೂಚನೆ.

ತುಟಿ ಎತ್ತಿ ನೋಡಿದರೆ ನಿಮಗೆ ಕಾಣುವುದು ಮುಂಭಾಗ ಮಾತ್ರ. ದವಡೆಯನ್ನು ನೋಡಲು ಬಾಯಿ ತೆರೆದು ಹಿಡಿಯುವ ಉಪಕರಣ, ಬಹುಪಾಲು ಮಂಪರು ಔಷಧ ಬೇಕು. ಅದು ಪಶುವೈದ್ಯರ ಕೆಲಸ. ವರ್ಷಕ್ಕೊಮ್ಮೆ, ಐದು ವರ್ಷದೊಳಗಿನವಕ್ಕೆ ಆರು ತಿಂಗಳಿಗೊಮ್ಮೆ ಹಲ್ಲು ತೋರಿಸಿ. ಹಲ್ಲು ಕೀಳಿಸಿದರೆ ಧನುರ್ವಾಯು ಲಸಿಕೆ ಆಗಿದೆಯೇ ಎಂದು ಖಚಿತ ಮಾಡಿಕೊಳ್ಳಿ. ಗಾಯ ಮಾಗಿತು ಎಂದು ವೈದ್ಯರು ಹೇಳುವ ತನಕ ಬಿಟ್ ಬೇಡ.

ಬೆಂಗಳೂರು, ಮೈಸೂರಿನ ಸವಾರಿ ಶಾಲೆಗಳಿಗೆ ಬರುವ, ರೇಸ್ ತಳಿಯ ಥರೋಬ್ರೆಡ್‌ಗಳಲ್ಲಿ ರೇಸಿನಿಂದ ನಿವೃತ್ತಿಯಾದವು ಬಹಳ. ರೇಸಿನಲ್ಲಿ ಕೆಲವು ಕುದುರೆಗಳ ನಾಲಿಗೆಯನ್ನು ಪಟ್ಟಿಯಿಂದ ಕಟ್ಟಿರುತ್ತಾರೆ. ಅಂಥದಕ್ಕೆ ನಾಲಿಗೆ ಮುಟ್ಟಿದರೇ ಗಾಬರಿ. ಟಾಂಗಾಕ್ಕೋ ಮದುವೆ ಮೆರವಣಿಗೆಗೋ ದುಡಿದ ಕುದುರೆಯಾದರೆ ನಾಲಿಗೆ, ತುಟಿಗಳಲ್ಲಿ ಹಳೆಯ ಗಾಯದ ಗೆರೆಗಳಿವೆಯೇ ನೋಡಿ. ಮುಳ್ಳಿರುವ ಬಿಟ್ ಬಳಸಿದ ಗುರುತು ಅದು. ಭಾರ ಎಳೆಯುವ, ಹೊರುವ ಪ್ರಾಣಿಗಳ ಹಿಂಸೆ ತಡೆ ನಿಯಮಗಳು 1965ರಲ್ಲೇ ಅದನ್ನು ನಿಷೇಧಿಸಿವೆ. ಆದರೂ ಕೆಲವು ಊರುಗಳಲ್ಲಿ ಇನ್ನೂ ನೇತಾಡುತ್ತಿರುತ್ತದೆ.

ಬಿಟ್ ಸರಿಯಿದೆಯೇ

ಥರೋಬ್ರೆಡ್‌ಗೆ ಸಾಮಾನ್ಯವಾಗಿ 5 ಇಂಚಿನ ಸುತ್ತಮುತ್ತ ಸರಿಹೋಗುತ್ತದೆ. ಆದರೆ ತಳಿ ನೋಡಿ ಕೊಳ್ಳಬೇಡಿ, ಬಾಯಿ ಅಳೆದು ಕೊಳ್ಳಿ. ಬಾಯೊಳಗೆ ಬಿಟ್ ನೇರವಾಗಿದ್ದಾಗ ತುಟಿಗೂ ಬಿಟ್ಟಿನ ತುದಿಯ ಬಳೆಗೂ ನಡುವೆ ಪ್ರತಿ ಬದಿಗೆ ಸುಮಾರು ಅರ್ಧ ಸೆಂಟಿಮೀಟರ್ ಸಂದು ಇರಬೇಕು. ಕಡಿಮೆಯಾದರೆ ತುಟಿ ಹಿಂಡುತ್ತದೆ. ಹೆಚ್ಚಾದರೆ ಅತ್ತಿತ್ತ ಜಾರಿ ನಡುಕೀಲು ಅಂಗುಳಕ್ಕೋ ನಾಲಿಗೆಯ ಒಂದೇ ಬದಿಗೋ ಒತ್ತುತ್ತದೆ. ದಪ್ಪ ಬಿಟ್ ಎಂದರೆ ಮೃದು ಎಂಬ ನಂಬಿಕೆ ಎಲ್ಲ ಲಾಯಗಳಲ್ಲೂ ಇದೆ. ಅಂಗುಳ ತಗ್ಗಾಗಿ, ನಾಲಿಗೆ ದಪ್ಪವಾಗಿರುವ ಬಾಯಲ್ಲಿ 20 ಮಿಲಿಮೀಟರ್ ಲೋಹಕ್ಕೆ ಜಾಗವೇ ಇರುವುದಿಲ್ಲ. ಅಲ್ಲಿ 14ರಿಂದ 16 ಮಿಲಿಮೀಟರಿನದೇ ಹಿತ. ಒಂದೇ ಕೀಲಿನ ಸ್ನಾಫಲ್ (ಸನ್ನೆಯಿಲ್ಲದ ಸಾದಾ ಬಿಟ್) ಬೇಡವೆಂದ ಕುದುರೆ ಎರಡು ಕೀಲಿನದನ್ನು ಸುಮ್ಮನೆ ಹಿಡಿಯುವುದುಂಟು. ತಿರುಗುವ ಬಳೆಯ ರಂಧ್ರ ಸವೆದಿದ್ದರೆ ಕಟಬಾಯಿಯ ಚರ್ಮ ಅದರೊಳಗೆ ಸಿಕ್ಕಿಬೀಳುತ್ತದೆ. ಲೇಪನ ಎದ್ದ ಅಗ್ಗದ ಬಿಟ್ಟಿನ ಮೇಲೆ ನಿಮ್ಮದೇ ಬೆರಳನ್ನು ಒತ್ತಿ ಎಳೆಯಿರಿ. ಉಗುರಿಗೆ ತಾಗುವ ಸಿಬಿರು ಇದ್ದರೆ ಗುಜರಿಗೆ ಹಾಕಿ.

ಕಡಿವಾಣ ತೊಡಿಸಿದ ಮೇಲೆ ಕಟಬಾಯಿಯಲ್ಲಿ ಒಂದೋ ಎರಡೋ ಸುಕ್ಕು ಕಂಡರೆ ಎತ್ತರ ಸರಿ. ಹಣೆಪಟ್ಟಿ ಚಿಕ್ಕದಾದರೆ ನೆತ್ತಿಪಟ್ಟಿ ಮುಂದೆ ಎಳೆದು ಕಿವಿಯ ಬುಡ ಉಜ್ಜುತ್ತದೆ. ಕಿವಿಯ ತಕರಾರಿನ ಅರ್ಧಕ್ಕೆ ಕಾರಣ ಇದೇ. ಇನ್ನೊಂದು: ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ಬೇಲಿಗೆ ನೇತುಹಾಕಿದ ಬಿಟ್ ಕೈಯಲ್ಲೇ ಹಿಡಿಯಲಾಗುವುದಿಲ್ಲ. ಡಿಸೆಂಬರಿನ ಮುಂಜಾವಿನಲ್ಲಿ ತಣ್ಣಗೆ ಕೊರೆಯುತ್ತದೆ. ಒಂದಕ್ಕೆ ನೀರು, ಇನ್ನೊಂದಕ್ಕೆ ಒಂದು ನಿಮಿಷ ಅಂಗೈಯ ಬಿಸಿ.

ಕಲಿಸುವ ಕ್ರಮ

ಬಾಯಿ, ಕಿವಿ, ಸಾಮಾನು ಮೂರೂ ಸರಿಯೆಂದ ಮೇಲೆ ಕಲಿಕೆ. ದಿನಕ್ಕೆರಡು ಸಲ, ಹತ್ತು ಹತ್ತು ನಿಮಿಷ ಸಾಕು, ಸವಾರಿ ಇಲ್ಲದ ಹೊತ್ತಿನಲ್ಲಿ. ಹೆಲ್ಮೆಟ್ ಹಾಕಿಕೊಳ್ಳಿ: ಬೀಸಿದ ತಲೆ ಮೂಗು ಮುರಿಯುತ್ತದೆ. ಕುದುರೆಯ ಮುಂದೆ ನಿಲ್ಲಬೇಡಿ, ಬಕೆಟ್ ಮೇಲೆ ಹತ್ತಬೇಡಿ, ಗಟ್ಟಿಯಾಗಿ ಕಟ್ಟಲೂಬೇಡಿ. ಲೀಡ್ ರೋಪ್, ಅಂದರೆ ಕುದುರೆಯನ್ನು ಹಿಡಿದು ನಡೆಸುವ ಹಗ್ಗ, ನಿಮ್ಮ ಮೊಣಕೈ ಮೇಲೆ ಇಳಿಬಿದ್ದಿರಲಿ, ಕೈಗೆ ಸುತ್ತಿಕೊಳ್ಳುವುದು ಬೇಡ.

ಮೊದಲ ಪಾಠ ತಲೆ ತಗ್ಗಿಸುವುದು. ಬಲಗೈಯನ್ನು ಕಿವಿಗಳ ಹಿಂದೆ ನೆತ್ತಿಯ ಮೇಲಿಟ್ಟು ಹಗುರವಾಗಿ ಒತ್ತಿ, ಹಾಗೇ ಕಾಯಿರಿ. ಒತ್ತಡ ಹೆಚ್ಚಿಸಬೇಡಿ. ತಲೆ ಒಂದು ಸೆಂಟಿಮೀಟರ್ ತಗ್ಗಿದರೂ ಆ ಕ್ಷಣವೇ ಕೈ ತೆಗೆಯಿರಿ. ತಲೆ ಮೇಲೆ ಹೋದರೆ ಕೈಯನ್ನು ಅದರ ಜೊತೆಗೇ ಹೋಗಲು ಬಿಡಿ, ಜಗ್ಗಬೇಡಿ, ತೆಗೆಯಲೂಬೇಡಿ. ಎಲ್ಲ ಕೆಡುವುದು ಇಲ್ಲೇ. ತಲೆ ಎತ್ತಿದಾಗ ಕೈ ಸರಿದರೆ, ಎತ್ತಿದರೆ ಬಿಡುಗಡೆ ಎಂದು ನೀವೇ ಕಲಿಸಿದ ಹಾಗಾಯಿತು. ಕೆಲವು ಕುದುರೆಗಳು ವರ್ಷಗಟ್ಟಲೆ ಈ ಪಾಠವನ್ನೇ ಚೆನ್ನಾಗಿ ಕಲಿತಿರುತ್ತವೆ.

ಎರಡನೆಯದು ಹೆಬ್ಬೆರಳಿಗೆ ಬಾಯಿ ತೆರೆಯುವುದು. ಎಡ ಹೆಬ್ಬೆರಳನ್ನು ಕಟಬಾಯಿಯಲ್ಲಿ, ಹಲ್ಲಿಲ್ಲದ ವಸಡಿನ ಮೇಲಿಡಿ. ಬೆರಳನ್ನು ಹಿಂದಕ್ಕೆ ತೂರಬೇಡಿ, ದವಡೆಹಲ್ಲಿಗೆ ಸಿಕ್ಕಿದರೆ ಮೂಳೆಯೇ ಹೋದೀತು. ವಸಡನ್ನು ಒತ್ತಿ, ಬಾಯಿ ಸಡಿಲವಾದ ತಕ್ಷಣ ಬೆರಳು ತೆಗೆಯಿರಿ. ನಾಲಿಗೆ ಕಟ್ಟಿದ ಹಿನ್ನೆಲೆಯ ಕುದುರೆಗೆ ನಾಲಿಗೆಯನ್ನು ಕೆದಕದೆ ವಸಡನ್ನಷ್ಟೇ ಮುಟ್ಟಿ.

ಮೂರನೆಯದಕ್ಕೆ ಲೋಹದ ಬದಲು ಬೆರಳ ದಪ್ಪದ, ಒಗೆದ ಹತ್ತಿ ಹಗ್ಗ. ಬಾಯಿ ತೆರೆದಾಗ ಹಗ್ಗ ಒಳಗೆ, ಎರಡು ಸೆಕೆಂಡ್, ಮತ್ತೆ ಹೊರಗೆ. ಎರಡು ತುದಿಯೂ ನಿಮ್ಮ ಕೈಯಲ್ಲೇ ಇರಲಿ, ಗಂಟು ಹಾಕಬೇಡಿ. ಇದಕ್ಕೆ ತಕರಾರಿಲ್ಲದಿದ್ದರೆ ಬಿಟ್ಟಿಗೆ ಬನ್ನಿ.

ಇಲ್ಲಿ ಜೋನಿಬೆಲ್ಲ ಉಪಯೋಗಕ್ಕೆ ಬರುತ್ತದೆ. ಅರ್ಧ ಚಮಚದಷ್ಟು ಬಿಟ್ಟಿನ ನಡುವೆ ಸವರಿ, ನೆಕ್ಕಲು ಬಿಡಿ. ಕಬ್ಬಿಣದ ವಾಸನೆಗೂ ಸಿಹಿಗೂ ನಂಟು ಬೆಳೆಯಲಿ. ಆದರೆ ಬೆಲ್ಲ ತೋರಿಸಿ ಬಾಯಿ ತೆರೆದಾಗ ಬಿಟ್ ತುರುಕುವುದು ಮೋಸ, ಎರಡನೇ ಸಲ ಬೆಲ್ಲಕ್ಕೂ ಬಾಯಿ ತೆರೆಯುವುದಿಲ್ಲ. ಲ್ಯಾಮಿನೈಟಿಸ್ (ಗೊರಸಿನೊಳಗಿನ ಉರಿಯೂತ) ಆದ ಕುದುರೆಗೆ ಸಿಹಿ ಬೇಡ, ಒಂದು ಹಿಡಿ ಹಸಿ ಹುಲ್ಲು ಸಾಕು. ಕೆಲಸ ಮುಗಿದ ಮೇಲೆ ಬಿಟ್ ತೊಳೆಯದಿದ್ದರೆ ಮಾರನೆಯ ಬೆಳಗ್ಗೆ ಇರುವೆಗಳ ಸಾಲು.

ತೊಡಿಸುವಾಗ ಕೈ ಎಲ್ಲಿರಬೇಕು: ಎಡಭುಜದ ಪಕ್ಕ, ಕುದುರೆಯ ಮುಖ ಎತ್ತ ಇದೆಯೋ ಅತ್ತಲೇ ನಿಮ್ಮ ಮುಖ. ಬಲಗೈ ಗಂಟಲಡಿಯಿಂದ ಆಚೆ ಬದಿಗೆ ಹಾಯ್ದು, ಮೂಗಿನ ಎಲುಬಿನ ನಡುಭಾಗದಲ್ಲಿ ಎರಡೂ ಕೆನ್ನೆಪಟ್ಟಿಗಳನ್ನು ಸೇರಿಸಿ ಹಿಡಿದಿರಲಿ. ಹೊಳ್ಳೆಯ ಮೇಲಿನ ಮೆತ್ತನೆ ಜಾಗಕ್ಕೆ ಇಳಿದರೆ ಉಸಿರು ಕಟ್ಟುತ್ತದೆ. ಎಡಗೈ ಬೆರಳುಗಳ ಮೇಲೆ ಬಿಟ್ ಅಡ್ಡ ಮಲಗಿರಲಿ. ಹೆಬ್ಬೆರಳು ವಸಡಿಗೆ, ಬಾಯಿ ತೆರೆಯಿತು, ಆಗ ಬಿಟ್ಟನ್ನು ಎಡಗೈ ತಳ್ಳುವುದಲ್ಲ, ಬಲಗೈ ಮೇಲಕ್ಕೆ ಎತ್ತಿಕೊಳ್ಳಬೇಕು. ಬಾಚಿಹಲ್ಲಿಗೆ ಟಣ್ ಎಂದು ಬಡಿದರೆ ಇಡೀ ವಾರದ ಕೆಲಸ ನೀರುಪಾಲು. ನಂತರ ನೆತ್ತಿಪಟ್ಟಿ: ಆಚೆ ಕಿವಿಯನ್ನು ಬುಡದಲ್ಲಿ ಹಿಡಿದು ಮುಂದಕ್ಕೆ ಬಾಗಿಸಿ ದಾಟಿಸಿ, ಆಮೇಲೆ ಈಚೆಯದು.

ಕಿವಿ ಮುಟ್ಟಗೊಡದ ಕುದುರೆಗೆ ಕಡಿವಾಣವನ್ನು ಬಿಡಿಸಿ ಹಾಕಿ. ಎಡ ಕೆನ್ನೆಪಟ್ಟಿ ಮತ್ತು ಹಣೆಪಟ್ಟಿಯನ್ನು ಕಳಚಿ, ನೆತ್ತಿಪಟ್ಟಿಯನ್ನು ಕಿವಿಗಳ ಹಿಂದಿನಿಂದ ಸುತ್ತಿ ತಂದು, ಬಿಟ್ ಬಾಯಿಗೆ ಹೋದ ಮೇಲೆ ಎಡಬದಿಯಲ್ಲಿ ಬಕಲ್ ಹಾಕಿ. ಹಣೆಪಟ್ಟಿಯಿಲ್ಲದೆ ಒಂದೆರಡು ವಾರ ಲಾಯದಲ್ಲಿ ಅಭ್ಯಾಸ ಮಾಡಿಸಬಹುದು. ಸವಾರಿಗೆ ಅದು ಬೇಕು, ಇಲ್ಲದಿದ್ದರೆ ನೆತ್ತಿಪಟ್ಟಿ ಹಿಂದಕ್ಕೆ ಜಾರುತ್ತದೆ. ಗಂಟಲುಪಟ್ಟಿಯೊಳಗೆ ನಾಲ್ಕು ಬೆರಳು, ಮೂಗುಪಟ್ಟಿಯೊಳಗೆ ಎಲುಬಿನ ಮೇಲೆ ಎರಡು ಬೆರಳು ಹೋಗುವಂತಿರಲಿ.

ತೆಗೆಯುವುದರಲ್ಲೇ ಹೆಚ್ಚು ತಪ್ಪು

ಹಾಕುವಾಗ ಎಲ್ಲರೂ ಎಚ್ಚರ. ಸವಾರಿ ಮುಗಿದ ಮೇಲೆ ಬೆವರಿನಲ್ಲಿ, ಆತುರದಲ್ಲಿ ನೆತ್ತಿಪಟ್ಟಿ ಎಳೆದು ಬಿಡುತ್ತಾರೆ. ಬಿಟ್ ಕೆಳಗಿನ ಹಲ್ಲಿಗೆ ಸಿಕ್ಕಿಕೊಂಡು ಕುದುರೆ ಗಾಬರಿಯಾಗಿ ತಲೆ ಎತ್ತುತ್ತದೆ, ಎತ್ತಿದಷ್ಟೂ ಬಿಟ್ ಇನ್ನೂ ಸಿಕ್ಕುತ್ತದೆ. ಹಾಕಿಸಿಕೊಳ್ಳಲು ಬೇಡವೆನ್ನುವ ಕುದುರೆಗಳಲ್ಲಿ ಎಷ್ಟೋ ಹೀಗೆ ಕೆಟ್ಟವು. ಮೊದಲು ಮೂಗುಪಟ್ಟಿ, ಗಂಟಲುಪಟ್ಟಿ ಬಿಚ್ಚಿ. ಗದ್ದದಡಿಯ ಸರಪಳಿ, ಕರ್ಬ್ ಚೈನ್, ಇದ್ದರೆ ಅದನ್ನೂ. ನೆತ್ತಿಪಟ್ಟಿಯನ್ನು ಕಿವಿ ದಾಟಿಸಿ, ಅಷ್ಟೇ ಎತ್ತರದಲ್ಲಿ ಹಿಡಿದು ನಿಲ್ಲಿ. ಕುದುರೆ ತಾನೇ ನಾಲಿಗೆಯಾಡಿಸಿ ಬಿಟ್ಟನ್ನು ಉಗುಳುತ್ತದೆ. ಅದು ಹೊರಬರುವ ವೇಗಕ್ಕೆ ಸರಿಯಾಗಿ ನಿಮ್ಮ ಕೈ ಇಳಿಯಲಿ. ಹತ್ತು ಸೆಕೆಂಡ್ ಹಿಡಿದೀತು. ಆ ಕುದುರೆಯನ್ನು ನೋಡಿಕೊಳ್ಳುವ ಸೈಸ್, ಸವಾರ, ಭಾನುವಾರಕ್ಕೆ ಬರುವ ಹುಡುಗ, ಎಲ್ಲರೂ ಹೀಗೇ ತೆಗೆಯಬೇಕು.

ಹೊಸದಾಗಿ ಒಪ್ಪಿಕೊಂಡ ಮೇಲೆ ಕೆಲವು ದಿನ ಕಡಿವಾಣ ಹಾಕಿ, ಐದು ನಿಮಿಷ ಅಡ್ಡಾಡಿಸಿ, ತೆಗೆದುಬಿಡಿ. ಪ್ರತಿ ಸಲ ಬಿಟ್ ಹಿಂದೆಯೇ ಬೆನ್ನ ಮೇಲೆ ಭಾರ, ಬಾಯಿಗೆ ಜಗ್ಗಾಟ ಬರುವುದಾದರೆ ಯಾವ ಕುದುರೆ ತಾನೇ ಬಾಯಿ ತೆರೆದೀತು? ಕಲಿಯುವ ಸವಾರರನ್ನು ಇಂಥ ಕುದುರೆಯ ಮೇಲೆ ಕೂರಿಸಿದರೆ ಲಗಾಮನ್ನೇ ಹಿಡಿದು ಜೋತು ಬೀಳದಂತೆ ಹಿಡಿದುಕೊಳ್ಳಲು ಕುದುರೆಯ ಕುತ್ತಿಗೆಗೊಂದು ಪಟ್ಟಿ ಕಟ್ಟಿಕೊಡಿ.

ಇಷ್ಟಾದರೂ ಒಪ್ಪದಿದ್ದರೆ ಬಿಟ್ ಇಲ್ಲದ ಕಡಿವಾಣವೂ ಒಂದು ದಾರಿ. ಮೂಗಿಗೆ ಒತ್ತುವ ಸರಳ ಸೈಡ್‌ಪುಲ್‌ನಿಂದ ಆರಂಭಿಸಿ, ಉದ್ದ ಸನ್ನೆಯಿಂದ ಮೂಗನ್ನು ಹಿಂಡುವ ಹ್ಯಾಕಮೋರ್ ಬೇಡ, ಗಡಸು ಕೈಯಲ್ಲಿ ಅದು ಬಿಟ್ಟಿಗಿಂತ ಕಟು. ಮೂಗುಪಟ್ಟಿ ಕೆನ್ನೆಯ ಎಲುಬಿನ ತುದಿಯಿಂದ ಎರಡು ಬೆರಳು ಕೆಳಗಿರಲಿ. ಮೊದಲ ಸವಾರಿ ಬೇಲಿ ಹಾಕಿದ ಆವರಣದೊಳಗೆ, ನಡಿಗೆಯಲ್ಲಿ ಮಾತ್ರ. ನಿಲ್ಲಿಸುವುದು, ಎರಡೂ ಬದಿಗೆ ತಿರುಗಿಸುವುದು ಸರಿಬಂದ ಮೇಲೆ ಟ್ರಾಟ್, ಅಂದರೆ ದುಡುಕಿ ಓಟ. ಸ್ಪರ್ಧೆಗೆ ಒಯ್ಯುವ ಯೋಚನೆಯಿದ್ದರೆ ಆ ವಿಭಾಗದಲ್ಲಿ ಬಿಟ್ ಕಡ್ಡಾಯವೇ ಎಂದು ಸಂಘಟಕರನ್ನು ಮೊದಲೇ ಕೇಳಿ.