ಕಾನ್ಫಿಗ್ ಸರಿಯಿಲ್ಲದಿದ್ದರೆ ಆ್ಯಪ್ ಏಳಲೇಬಾರದು: ಸ್ಪ್ರಿಂಗ್ ಬೂಟ್, ನನ್ನ ಅನುಭವ

ಬ್ಯಾಡಗಿ ಮೆಣಸಿನಕಾಯಿ ಪೇಟೆಯ ಧಾರಣೆ ತೋರಿಸುವ ವೆಬ್ ಆ್ಯಪ್ ಒಂದನ್ನು ಹುಬ್ಬಳ್ಳಿಯಲ್ಲಿ ಕುಳಿತು ನೋಡಿಕೊಳ್ಳುತ್ತೇನೆ. ಆ್ಯಪ್ ಕಟ್ಟಿದ್ದು ಜಾವಾದ ಸ್ಪ್ರಿಂಗ್ ಬೂಟ್ 3 ಚೌಕಟ್ಟಿನಲ್ಲಿ; ಸರ್ವರ್ ಉಬುಂಟು ಲಿನಕ್ಸ್; ಅಲ್ಲಿ ಸರ್ವಿಸ್‌ಗಳನ್ನು ಎಬ್ಬಿಸಿ ನೋಡಿಕೊಳ್ಳುವುದು ಸಿಸ್ಟಂಡಿ. ಸೋಮವಾರ, ಗುರುವಾರ ಪೇಟೆ ದಿನ. ಆ ಹೊತ್ತಿನಲ್ಲಿ ತಪ್ಪು ಕಾನ್ಫಿಗ್ (ಡೇಟಾಬೇಸ್ ವಿಳಾಸ, ಪಾಸ್‌ವರ್ಡ್‌ನಂಥ ಸೆಟ್ಟಿಂಗ್) ಹೊರಬರಬಾರದು. ಸರ್ವಿಸ್ ಶುರು ಮಾಡುವಾಗಲೇ ಗೊತ್ತಾಗಬೇಕು. ಎಲ್ಲ ಹೊಂದಾಣಿಕೆಯೂ ಇದಕ್ಕಾಗಿಯೇ.

ಬೂಟ್ ಮೊದಲು ಜಾರ್ (ಆ್ಯಪ್‌ನ ಕೋಡ್ ಎಲ್ಲ ಕಟ್ಟಿಟ್ಟ ಫೈಲ್) ಒಳಗಿನ ಅಪ್ಲಿಕೇಶನ್ ಫೈಲ್ ಓದುತ್ತದೆ, ಆಮೇಲೆ ಪ್ರೋಸೆಸ್ಸಿನ (ಓಡುತ್ತಿರುವ ಆ್ಯಪ್‌ನ) ವರ್ಕಿಂಗ್ ಡೈರೆಕ್ಟರಿ, ನಂತರ ಅಲ್ಲಿನ ಕಾನ್ಫಿಗ್ ಫೋಲ್ಡರ್. ಕೊನೆಗೆ ಓದಿದ್ದೇ ಗೆಲ್ಲುತ್ತದೆ. ಟರ್ಮಿನಲ್‌ನಲ್ಲಿ ಓಡಿಸಿದರೆ ಇದು ಚೆನ್ನಾಗಿಯೇ ನಡೆಯುತ್ತದೆ. ಆದರೆ ಯೂನಿಟ್ ಫೈಲಿನಲ್ಲಿ (ಸಿಸ್ಟಂಡಿಗೆ ಸರ್ವಿಸ್‌ನ ವಿವರ ಕೊಡುವ ಫೈಲ್) ವರ್ಕಿಂಗ್ ಡೈರೆಕ್ಟರಿ ಕೊಡದಿದ್ದರೆ ಸಿಸ್ಟಂಡಿ ಅದೇ ಜಾರನ್ನು ರೂಟ್ ಡೈರೆಕ್ಟರಿಯಿಂದ (/) ಎಬ್ಬಿಸುತ್ತದೆ. ಜಾರ್ ಪಕ್ಕದ ಫೋಲ್ಡರ್ ಕಾಣುವುದಿಲ್ಲ, ಎಚ್ಚರಿಕೆಯೂ ಬರುವುದಿಲ್ಲ. ಜಾರ್ ಒಳಗಿನ ಟೆಸ್ಟ್ ಡೇಟಾಬೇಸ್ ವಿಳಾಸ ಹಿಡಿದುಕೊಂಡು ಆ್ಯಪ್ ಆರಾಮಾಗಿ ಏಳುತ್ತದೆ. ಇದರಷ್ಟು ಅಪಾಯದ್ದು ಇನ್ನೊಂದಿಲ್ಲ.

ಅದಕ್ಕೇ ಈ ಹುಡುಕಾಟವನ್ನು ನಂಬುವುದಿಲ್ಲ. 'ಅಡಿಷನಲ್ ಲೊಕೇಶನ್' ಆರ್ಗ್ಯುಮೆಂಟ್‌ನಲ್ಲಿ ಇಟಿಸಿ (/etc, ಸೆಟ್ಟಿಂಗ್‌ಗಳ ಡೈರೆಕ್ಟರಿ) ಕೆಳಗಿನ ಫೈಲಿನ ಪೂರ್ಣ ಪಾಥ್ ಕೊಡುತ್ತೇನೆ. ಬರೀ 'ಲೊಕೇಶನ್' ಕೊಟ್ಟರೆ ಜಾರ್ ಒಳಗಿನ ಡಿಫಾಲ್ಟ್‌ಗಳೂ ಹೋಗುತ್ತವೆ. ಫೋಲ್ಡರ್ ಬದಲು ಫೈಲನ್ನೇ ಹೆಸರಿಸಬೇಕು, ಏಕೆಂದರೆ ಖಾಲಿ ಫೋಲ್ಡರ್ ಇದ್ದರೂ ಬೂಟ್ ಒಪ್ಪಿಕೊಳ್ಳುತ್ತದೆ. ಪಾಥ್‌ಗೆ ಮುಂಚೆ 'ಆಪ್ಷನಲ್' ಹಚ್ಚಬಾರದು, ಹಚ್ಚಿದರೆ ಫೈಲ್ ಇಲ್ಲದಿದ್ದರೂ ಬೂಟ್ ಸುಮ್ಮನಿರುತ್ತದೆ. ಪಾಸ್‌ವರ್ಡ್ ಇರುವ ಎನ್ವಿರಾನ್‌ಮೆಂಟ್ ಫೈಲಿಗೂ ಇದೇ ನಿಯಮ: ಸಿಸ್ಟಂಡಿಯಲ್ಲಿ ಪಾಥ್‌ಗೆ ಮುಂಚೆ ಒಂದು ಹೈಫನ್ ಇದ್ದರೆ ಫೈಲ್ ಇಲ್ಲದಿದ್ದರೂ ಸುಮ್ಮನಿರುತ್ತದೆ, ಆ ಹೈಫನ್ ತೆಗೆಯಿರಿ. ಫೈಲ್ ಪರ್ಮಿಷನ್ 640 (ಮಾಲೀಕ ಓದಿ ಬರೆಯಬಹುದು, ಗ್ರೂಪ್ ಓದಬಹುದು ಅಷ್ಟೇ), ಮಾಲೀಕ ರೂಟ್ ಯೂಸರ್, ಗ್ರೂಪ್ ಆ್ಯಪ್‌ನದು. ಸೆಟ್ಟಿಂಗ್ ಹೆಸರನ್ನು ಆ ಫೈಲಿನಲ್ಲಿ ವೇರಿಯಬಲ್ ಆಗಿ ಬರೆಯುವಾಗ ಡಾಟ್ ಇದ್ದಲ್ಲಿ ಅಂಡರ್‌ಸ್ಕೋರ್. ಹೈಫನ್ ಇದ್ದರೆ ಅದನ್ನು ಅಳಿಸಬೇಕು ಅಷ್ಟೇ, ಅಂಡರ್‌ಸ್ಕೋರ್ ಹಾಕಬಾರದು.

ಇನ್ನು ಫೈಲಿನಲ್ಲಿ ಬರೆದ ವ್ಯಾಲ್ಯೂಗಳು ಸರಿಯೇ ಎಂಬ ಪ್ರಶ್ನೆ. ವೈಎಎಂಎಲ್ ಎಂಬ ಸೆಟ್ಟಿಂಗ್ ಫೈಲ್ ಮಾದರಿಯಲ್ಲಿ ಟೆಂಡರ್ ಮುಚ್ಚುವ ವೇಳೆಯನ್ನು 14:30 ಎಂದು ಕೋಟ್ ಇಲ್ಲದೆ ಬರೆದರೆ ಅದು 870 ಆಗುತ್ತದೆ, ವೈಎಎಂಎಲ್‌ನ ಹಳೆಯ 1.1 ಆವೃತ್ತಿಯ ನಿಯಮ ಅದನ್ನು 60ರ ಮಾನದ ಸಂಖ್ಯೆ (14×60+30) ಎಂದು ಓದುತ್ತದೆ. 09:30 ಮಾತ್ರ ಸೊನ್ನೆಯಿಂದ ಶುರುವಾಗುವುದರಿಂದ ಪಠ್ಯವಾಗಿಯೇ ಉಳಿಯುತ್ತದೆ. ಹೀಗೆ ಅರ್ಧ ಸರಿ, ಅರ್ಧ ತಪ್ಪು ಆಗುವುದರಿಂದ ಪತ್ತೆ ಹಚ್ಚುವುದು ಕಷ್ಟ. ಜಾವಾದಲ್ಲಿ ಆ ಫೀಲ್ಡ್ ಸ್ಟ್ರಿಂಗ್ (ಪಠ್ಯ) ಆಗಿದ್ದರೆ 870 ಸದ್ದಿಲ್ಲದೆ ಒಳಬರುತ್ತದೆ, ಲೋಕಲ್‌ಟೈಮ್ (ವೇಳೆಗೆಂದೇ ಇರುವ ಟೈಪ್) ಆಗಿದ್ದರೆ ಸ್ಟಾರ್ಟ್‌ನಲ್ಲೇ ಬೀಳುತ್ತದೆ. ಆದ್ದರಿಂದ ಎಲ್ಲ ಸೆಟ್ಟಿಂಗ್‌ಗಳನ್ನೂ ಒಂದೇ ಕಾನ್ಫಿಗರೇಶನ್ ಪ್ರಾಪರ್ಟೀಸ್ ರೆಕಾರ್ಡ್‌ಗೆ (ಸೆಟ್ಟಿಂಗ್‌ಗಳನ್ನು ತುಂಬಿಕೊಳ್ಳುವ ಜಾವಾ ಟೈಪ್) ತಂದು, ಬಿಗಿಯಾದ ಟೈಪ್ ಕೊಟ್ಟು, ಅವುಗಳ ತಪಾಸಣೆ ಮಾಡಿಸುವ ವ್ಯಾಲಿಡೇಟೆಡ್ ಅನೊಟೇಶನ್ ಹಾಕುತ್ತೇನೆ. ಆ ತಪಾಸಣೆಗೆ ಬೇಕಾದ ವ್ಯಾಲಿಡೇಶನ್ ಸ್ಟಾರ್ಟರ್ ಡಿಪೆಂಡೆನ್ಸಿ ಮರೆಯಬೇಡಿ.

ಡಬ್ಬಿ, ಕಡ್ಡಿ ಎಂಬ ತಳಿಗಳ ಹೆಸರು ಕನ್ನಡದಲ್ಲೇ ಬೇಕು. ಪ್ರಾಪರ್ಟೀಸ್ ಫೈಲನ್ನು (ಸೆಟ್ಟಿಂಗ್ ಬರೆಯುವ ಇನ್ನೊಂದು ಮಾದರಿ) ಬೂಟ್ ಲ್ಯಾಟಿನ್-1 (ಕನ್ನಡ ಅಕ್ಷರಗಳಿಲ್ಲದ ಎನ್‌ಕೋಡಿಂಗ್) ಎಂದು ಓದುವುದರಿಂದ ಅಕ್ಷರಗಳು ಕೆಡುತ್ತವೆ. ವೈಎಎಂಎಲ್ ಯುಟಿಎಫ್-8, ಅಲ್ಲಿ ತೊಂದರೆಯಿಲ್ಲ. ಒಂದೇ ಜಾಗದಲ್ಲಿ ಎರಡೂ ಇದ್ದರೆ ಪ್ರಾಪರ್ಟೀಸ್ ಗೆಲ್ಲುತ್ತದೆ, ಹಳೆಯ ಪ್ರಾಪರ್ಟೀಸ್ ಫೈಲನ್ನು ಅಳಿಸಿಬಿಡಿ.

ಬಿದ್ದ ಆ್ಯಪನ್ನು ಮತ್ತೆ ಮತ್ತೆ ಎಬ್ಬಿಸಲು ಸಿಸ್ಟಂಡಿಗೆ ಒಂದು ಮಿತಿ ಇದೆ, ನಾವು ಬದಲಿಸದಿದ್ದರೆ ಅದು 10 ಸೆಕೆಂಡಿಗೆ 5 ಸ್ಟಾರ್ಟ್. ಜಾವಾ ಬೀಳಲಿಕ್ಕೇ ಕೆಲವು ಸೆಕೆಂಡ್ ಬೇಕು, ಹಾಗಾಗಿ ಆ ಮಿತಿ ಮುಟ್ಟದೆ ರೀಸ್ಟಾರ್ಟ್ ಆಗುತ್ತಲೇ ಇರುತ್ತದೆ. 300 ಸೆಕೆಂಡಿಗೆ 3 ಎಂದು ಇಟ್ಟರೆ ನಿಲ್ಲುತ್ತದೆ, ಸ್ಟೇಟಸ್‌ನಲ್ಲಿ ಫೇಲ್ಡ್ ಎಂದು ಕಾಣುತ್ತದೆ.

ಆ್ಯಪ್ ಎದ್ದ ಮೇಲೆ ಆಕ್ಚುಯೇಟರ್‌ನ (ಬೂಟ್ ಆ್ಯಪ್‌ನ ಒಳಸ್ಥಿತಿ ತೋರಿಸುವ ಭಾಗ) ಎನ್ವ್ ಎಂಡ್‌ಪಾಯಿಂಟನ್ನು, ಅಂದರೆ ಸೆಟ್ಟಿಂಗ್‌ಗಳ ಪುಟವನ್ನು, ಲೋಕಲ್‌ಹೋಸ್ಟ್‌ಗೆ (ಅದೇ ಸರ್ವರ್‌ಗೆ) ಮಾತ್ರ ತೆರೆದು ನೋಡುತ್ತೇನೆ. ಬೂಟ್ 3ರಲ್ಲಿ ವ್ಯಾಲ್ಯೂಗಳನ್ನು ನಕ್ಷತ್ರಗಳಿಂದ ಮುಚ್ಚಿರುತ್ತದೆ, ಆದರೆ ಕಾನ್ಫಿಗ್ ಫೈಲಿನಿಂದ ಬಂದ ಪ್ರತಿಯೊಂದೂ ಯಾವ ಫೈಲಿನ ಎಷ್ಟನೇ ಸಾಲಿನಿಂದ ಬಂತು ಎಂಬುದು ಅಲ್ಲಿ ಸಿಗುತ್ತದೆ.