ಹುಡುಗರು ದುಪ್ಪಟ್ಟಾದ ಮೇಲೆ ಫ್ರೆಟರ್ನಿಟಿ ನಡೆಸಿದ್ದು: ನನ್ನ ಅನುಭವ

ಅಮೆರಿಕದ ಮಿಡ್‌ವೆಸ್ಟ್‌ನಲ್ಲಿ ಓದುವಾಗ, 2018ರಲ್ಲಿ, ನಾನು ನಮ್ಮ ಫ್ರೆಟರ್ನಿಟಿ ಚಾಪ್ಟರ್‌ಗೆ ಪ್ರೆಸಿಡೆಂಟ್ ಆಗಿದ್ದೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಇದು ಗ್ರೀಕ್ ಅಕ್ಷರಗಳ ಹೆಸರಿರುವ ಹುಡುಗರ ಸಂಘ. ಕಾಲೇಜಿಗೊಂದು ಚಾಪ್ಟರ್, ಅಂದರೆ ಶಾಖೆ, ಕ್ಯಾಂಪಸ್ ಪಕ್ಕ ಒಂದು ದೊಡ್ಡ ಮನೆ. ನಮ್ಮ ಮನೆಯ ಒಡೆತನ ಹಳೆಯ ಸದಸ್ಯರದ್ದು. ಮಂಚ ಖಾಲಿ ಇದ್ದರೂ ಅವರಿಗೆ ಬಾಡಿಗೆ ಪೂರ್ತಿ ಕಟ್ಟಬೇಕು. ನಾನು ಸೇರಿದಾಗ ಮೂವತ್ತು ಚಿಲ್ಲರೆ ಹುಡುಗರಿದ್ದರು, ಅರ್ಧ ಮನೆ ಖಾಲಿ. ಬೆಳೆಯದೆ ಬೇರೆ ದಾರಿಯೇ ಇರಲಿಲ್ಲ.

ಹುಡುಗರನ್ನು ತರುವುದು ಅಂಥ ಕಷ್ಟವಲ್ಲ. ಹೊಸಬರನ್ನು ಸೇರಿಸಿಕೊಳ್ಳುವ ರಶ್ ವಾರದಲ್ಲಿ ಬಾಗಿಲು ತೆರೆದು ಪಿಜ್ಜಾ ಇಟ್ಟುಕೊಂಡು ಕೂತರೆ, ಎಲ್ಲಾದರೂ ಸೇರಲೇಬೇಕು ಅಂತ ಮೊದಲೇ ತೀರ್ಮಾನಿಸಿದವರು ಮಾತ್ರ ಬರುತ್ತಾರೆ, ಅವರಿಗಾಗಿ ಎಲ್ಲ ಮನೆಗಳೂ ಕಿತ್ತಾಡುತ್ತವೆ. ನಾವು ಒಂದು ಪಟ್ಟಿ ಶುರು ಮಾಡಿದೆವು. ಪ್ರತಿಯೊಬ್ಬನೂ ತನ್ನ ಲ್ಯಾಬ್, ಡಾರ್ಮ್, ಆಟದ ಟೀಮ್‌ನಿಂದ ಒಂದಷ್ಟು ಹೆಸರು ಹಾಕಬೇಕು, ಸೇರುತ್ತೀಯಾ ಅಂತ ಕೇಳುವ ಮೊದಲು ಊಟಕ್ಕೋ ಬಾಸ್ಕೆಟ್‌ಬಾಲ್‌ಗೋ ಕರೆಯಬೇಕು. ಇದು ವರ್ಷವಿಡೀ ನಡೆಯಿತು. ಫ್ರೆಟರ್ನಿಟಿ ನಮ್ಮಂಥವರಿಗಲ್ಲ ಅಂದುಕೊಂಡಿದ್ದ ಇಂಜಿನಿಯರಿಂಗ್ ಹುಡುಗರು, ನನ್ನ ಹಾಗೆ ಭಾರತದಿಂದ ಬಂದ ಮನೆಯವರು, ಹೀಗೇ ಬಂದದ್ದು.

ದುಪ್ಪಟ್ಟಾದ ಮೇಲೆ ನಿಜವಾದ ಕೆಲಸ. ಮೊದಲು ಅಡುಗೆಮನೆಯಲ್ಲಿ ನಾಲ್ಕು ಜನ ಮಾತಾಡಿದರೆ ವಿಷಯ ಮುಗಿಯುತ್ತಿತ್ತು. ಈಗ ಅರ್ಧ ಜನಕ್ಕೆ ಏನು ತೀರ್ಮಾನವಾಯಿತು ಅನ್ನುವುದೇ ಗೊತ್ತಿರುತ್ತಿರಲಿಲ್ಲ, ಭಾನುವಾರದ ಮೀಟಿಂಗ್ ಮುಗಿಯುತ್ತಲೇ ಇರಲಿಲ್ಲ. ವರದಿಗಳೆಲ್ಲ ಶನಿವಾರವೇ ಬರಹದಲ್ಲಿ ಬರಬೇಕು, ಮೀಟಿಂಗ್‌ನಲ್ಲಿ ಚರ್ಚೆ ಮತ್ತು ಓಟು ಮಾತ್ರ ಅಂತ ಮಾಡಿದೆ. ಇನ್ನು ದುಡ್ಡು. ಫ್ರೆಟರ್ನಿಟಿಯ ರಾಷ್ಟ್ರೀಯ ಹೆಡ್‌ಕ್ವಾರ್ಟರ್ಸ್ ವಿಮೆಯ ಹಣವನ್ನು ತಲೆಗೆ ಇಷ್ಟು ಅಂತ ವಸೂಲಿ ಮಾಡುತ್ತದೆ. ಒಬ್ಬ ಹುಡುಗ ಡ್ಯೂಸ್ (ಸದಸ್ಯತ್ವದ ಹಣ) ಕಟ್ಟದಿದ್ದರೆ ಅವನ ಪಾಲು ಉಳಿದವರ ಮೇಲೆ. ಅದಕ್ಕೆ ಸೇರುವಾಗಲೇ ಕಂತಿನ ಪತ್ರಕ್ಕೆ ಸಹಿ ಹಾಕಿಸಿಕೊಂಡೆವು. ಗೆಳೆಯನ ಹತ್ತಿರ ದುಡ್ಡು ಕೇಳೋಕೆ ಯಾರಿಗಾದರೂ ಮುಜುಗರ, ಸಹಿ ಇದ್ದರೆ ಕಾಗದವೇ ಕೇಳುತ್ತದೆ.

ಎಲ್ಲಕ್ಕಿಂತ ದೊಡ್ಡ ಜಗಳ ಪ್ಲೆಜ್ ಅವಧಿಯದ್ದು, ಅಂದರೆ ಹೊಸಬರು ಪೂರ್ಣ ಸದಸ್ಯರಾಗುವ ಮೊದಲಿನ ವಾರಗಳದ್ದು. ಹೊಸಬರನ್ನು ವಾರಗಟ್ಟಲೆ ಓಡಾಡಿಸುವುದು, ಮನೆ ತೊಳೆಸುವುದು, ನಮ್ಮ ಕಡೆಯ ರ್‍ಯಾಗಿಂಗ್ ಇದ್ದ ಹಾಗೆಯೇ, ಇಲ್ಲಿ ಹೇಜಿಂಗ್ ಅನ್ನುತ್ತಾರೆ. ನಾವು ಅನುಭವಿಸಿದ್ದೇವೆ, ಅವರೂ ಅನುಭವಿಸಲಿ ಅನ್ನುವುದು ಸೀನಿಯರ್‌ಗಳ ವಾದ (ಅತ್ತೆ-ಸೊಸೆಯ ನ್ಯಾಯ, ಅಲ್ವಾ?). ಹಿಂದಿನ ವರ್ಷವೇ, 2017ರಲ್ಲಿ, ಪೆನ್ ಸ್ಟೇಟ್ ಯೂನಿವರ್ಸಿಟಿಯ ಒಂದು ಫ್ರೆಟರ್ನಿಟಿಯಲ್ಲಿ ಹೊಸ ಹುಡುಗನೊಬ್ಬನಿಗೆ ಸೇರಿದ ರಾತ್ರಿಯೇ ಕುಡಿಸಿ, ಅವನು ಮೆಟ್ಟಿಲಿಂದ ಬಿದ್ದರೂ ಮರುದಿನ ಬೆಳಗ್ಗೆವರೆಗೂ ಯಾರೂ ಆಂಬುಲೆನ್ಸ್ ಕರೆಯದೆ, ಕೊನೆಗೆ ಅವನು ತೀರಿಕೊಂಡಿದ್ದ. ಅದನ್ನು ಹೇಳಿದರೆ "ನಾವು ಹಾಗಲ್ಲ" ಅನ್ನುತ್ತಿದ್ದರು. ಸಿಗ್ಮಾ ಆಲ್ಫಾ ಎಪ್ಸಿಲಾನ್ ಅನ್ನುವ ದೊಡ್ಡ ಫ್ರೆಟರ್ನಿಟಿ 2014ರಲ್ಲೇ ದೇಶದ ತುಂಬ ಪ್ಲೆಜ್ ಪದ್ಧತಿ ತೆಗೆದುಹಾಕಿದ್ದನ್ನು ಹೇಳಿದರೂ ಅಷ್ಟೇ.

ದೊಡ್ಡ ಸಭೆಯಲ್ಲಿ ಇಂಥದ್ದು ಗೆಲ್ಲುವುದಿಲ್ಲ. ಅಲ್ಲಿ ಎಲ್ಲರಿಗೂ ಗಂಡಸುತನ ತೋರಿಸಬೇಕಿರುತ್ತದೆ. ಒಬ್ಬೊಬ್ಬ ಸೀನಿಯರ್ ಜೊತೆ ಕಾಫಿಗೆ ಕೂತು, "ನಿನಗೆ ಆ ವಾರಗಳಲ್ಲಿ ನಿಜವಾಗಿ ಏನು ಇಷ್ಟವಾಯಿತು?" ಅಂತ ಕೇಳಿದೆ. ಹೆಚ್ಚಿನವರು ಹೇಳಿದ್ದು ತಮ್ಮ ಬಿಗ್ ಬ್ರದರ್ (ಹೊಸಬನಿಗೆ ಜೊತೆಯಾಗುವ ಸೀನಿಯರ್) ಬಗ್ಗೆ, ರಾತ್ರಿಯಿಡೀ ಜೊತೆಗೆ ಕೂತು ಓದಿದ್ದರ ಬಗ್ಗೆ. ಮನೆ ತೊಳೆದಿದ್ದು ಯಾರಿಗೂ ಇಷ್ಟವಾಗಿರಲಿಲ್ಲ. ಹಾಗಾದರೆ ಇಷ್ಟವಾದದ್ದನ್ನು ಇಟ್ಟುಕೊಂಡು ಉಳಿದದ್ದು ಬಿಡೋಣ ಅಂದೆ. ಅವಧಿಯನ್ನು ನಾಲ್ಕು ವಾರಕ್ಕೆ ಇಳಿಸಿದೆವು, ಮನೆ ಸ್ವಚ್ಛತೆ ಎಲ್ಲರ ಪಾಳಿಯಾಯಿತು, ನನ್ನದೂ ಸೇರಿ. ಬೈಲಾ ತಿದ್ದುಪಡಿಗೆ ಮೂರನೇ ಎರಡು ಬಹುಮತ ಬೇಕಿತ್ತು, ಸಿಕ್ಕಿತು. ಇಬ್ಬರು ಸೀನಿಯರ್‌ಗಳು ಮುನಿಸಿಕೊಂಡು ಮೀಟಿಂಗ್‌ಗೆ ಬರುವುದನ್ನೇ ಬಿಟ್ಟರು, ನಾನೂ ಅವರನ್ನು ಕರೆಯಲು ಹೋಗಲಿಲ್ಲ.

ಮದ್ಯದ ವಿಷಯದಲ್ಲಿ ನನಗೆ ಅದೃಷ್ಟ. ಆ ಆಗಸ್ಟ್‌ನಲ್ಲೇ ರಾಷ್ಟ್ರಮಟ್ಟದ ಫ್ರೆಟರ್ನಿಟಿಗಳ ಒಕ್ಕೂಟ, ಶೇ. 15ಕ್ಕಿಂತ ಜಾಸ್ತಿ ಆಲ್ಕೊಹಾಲ್ ಇರುವ ಮದ್ಯವನ್ನು ಚಾಪ್ಟರ್ ಮನೆಗಳಿಂದ ತೆಗೆಯಬೇಕು ಅಂತ ತೀರ್ಮಾನಿಸಿ, 2019ರ ಸೆಪ್ಟೆಂಬರ್‌ವರೆಗೆ ಗಡುವು ಕೊಟ್ಟಿತ್ತು. ಬೈಗುಳವೆಲ್ಲ ಅವರ ಪಾಲಿಗೆ ಹೋಯಿತು.

ನೀವೂ ಇಂಥ ಸಂಘ ನಡೆಸುತ್ತಿದ್ದರೆ ಒಂದು ಮಾತು. ಚುನಾವಣೆಯನ್ನು ಅವಧಿ ಮುಗಿಯುವ ಒಂದು ತಿಂಗಳು ಮೊದಲೇ ಮುಗಿಸಿ, ಹೊಸಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಮಾಡಿ. ಪಾಸ್‌ವರ್ಡ್, ಬೀಗದ ಕೈ ಕೊಡೋಕೆ ಅರ್ಧ ಗಂಟೆ ಸಾಕು. ಬ್ಯಾಂಕ್ ಖಾತೆಯ ಸಹಿ ಬದಲಾಯಿಸೋಕೆ ಮಾತ್ರ ವಾರಗಳೇ ಹಿಡಿಯುತ್ತವೆ, ಅದನ್ನು ಮೊದಲು ಶುರು ಮಾಡಿ.