ಕೊಬ್ರಿ, ಪಟಾಕಿ ಮತ್ತು ಮಗನ ನೋಟ್‌ಬುಕ್: ನನ್ನ ಅನುಭವ

ನಮ್ಮ ನಾಯಿ ಕೊಬ್ರಿಯ ಪಟಾಕಿ ಭಯ ನಾವೇ ಬಿಡಿಸಿದೆವು ಅಂತ ನನ್ನ ಭಾವಮೈದ ಈಗಲೂ ಬಾಯಿಬಿಟ್ಟು ಒಪ್ಪಲ್ಲ. ಆದರೆ ಮೊನ್ನೆ ತನ್ನ ಮನೆಯ ಲ್ಯಾಬ್ರಡಾರ್ ಕರೆದುಕೊಂಡು ಬಂದು, "ಇದಕ್ಕೂ ಸ್ವಲ್ಪ ಅದೇನೋ ಮಾಡಿ ಭಾವ" ಅಂದ. ನನಗೆ ಅಷ್ಟು ಸಾಕು. ಅದಕ್ಕೇ ಬರೆಯುತ್ತಿದ್ದೇನೆ.

ನಾವಿರುವುದು ತುಮಕೂರಿನ ಕ್ಯಾತ್ಸಂದ್ರದ ಕಡೆ. ಕೊಬ್ರಿ ಬೀದಿಯಲ್ಲಿ ಸಿಕ್ಕ ಹೆಣ್ಣುನಾಯಿ. ಬೆನ್ನು ಕಂದು, ಹೊಟ್ಟೆ ಬಿಳಿ, ತಿಪಟೂರು ಕೊಬ್ರಿ ಹೋಳಿನ ಹಾಗೆ. ಹೆಸರಿಟ್ಟವನು ಮಗ, ಆಗ ಅವನಿಗೆ ಒಂಬತ್ತು ವರ್ಷ.

2024ರ ದೀಪಾವಳಿಯಲ್ಲಿ ಪಕ್ಕದ ಮನೆಯವರು ಸರಪಟಾಕಿ ಹಚ್ಚಿದರು. ರಾತ್ರಿ 8ರಿಂದ 10 ಮಾತ್ರ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ನಮ್ಮ ಬೀದಿಗೆ ಆ ಸುದ್ದಿ ಇನ್ನೂ ಬಂದಿಲ್ಲ, ಸಂಜೆ ಐದಕ್ಕೇ ಶುರು. ಕೊಬ್ರಿ ನಾಲ್ಕೂವರೆ ಅಡಿ ಕಾಂಪೌಂಡ್ ಹಾರಿ ಓಡಿಹೋದಳು. ಮೂರು ದಿನ ಹುಡುಕಿದೆವು. ಪಾಂಪ್ಲೆಟ್‌ಗೆ ಸುಮಾರು ಒಂಬೈನೂರು, ಆಟೋಗೆ ಒಂದೂವರೆ ಸಾವಿರ. ಕೊನೆಗೆ ಹೈವೇ ಪಕ್ಕ ಲಾರಿ ನಿಲ್ಲಿಸುವ ಜಾಗದಲ್ಲಿ ಒಂದು ಟೈರಿನ ಹಿಂದೆ ಸಿಕ್ಕಳು. ಪಾದ ಕೊಯ್ದುಕೊಂಡಿತ್ತು. ಮಗ ಆ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ.

ಎಲ್ಲರ ಸಲಹೆ ಒಂದೇ: "ಬೀದಿ ನಾಯಿ, ಎರಡು ದಿನ ಕಟ್ಟಿಹಾಕಿ, ತಾನೇ ಸರಿಹೋಗುತ್ತೆ." ಒಬ್ಬ ಟ್ರೈನರ್ ಆರು ಸಾವಿರ ಅಡ್ವಾನ್ಸ್ ತಗೊಂಡು ಮೂರು ಸಲ ಬಂದ. "ಸಿಟ್, ಸ್ಟೇ" ಕಲಿಸಿದ. ಪಟಾಕಿಗೂ ಸಿಟ್ಟಿಂಗ್‌ಗೂ ಏನು ಸಂಬಂಧವೋ! ಆನ್‌ಲೈನಲ್ಲಿ ಸಾವಿರದ ನಾನೂರಕ್ಕೆ ಕಿವಿ ಮುಚ್ಚುವ ಟೋಪಿ ತರಿಸಿದೆ. ಹತ್ತು ನಿಮಿಷದಲ್ಲಿ ಚಿಂದಿ.

2025ರ ಜನವರಿಯಲ್ಲಿ ನಾನೇ ಶುರು ಮಾಡಿದೆ. ಪಟಾಕಿ ಶಬ್ದ ಸಣ್ಣದಾಗಿ ಕೇಳಿಸುವುದು, ತಿನ್ನಲು ಕೊಡುವುದು, ನಿಧಾನವಾಗಿ ಏರಿಸುವುದು. ನಾಯಿ ಸಾಕಿದವರಿಗೆ ಇದು ಹೊಸದೇನಲ್ಲ. ನಾನು ಎಡವಿದ್ದು ಎಲ್ಲಿ ಅಂತ ಹೇಳುತ್ತೇನೆ.

ಮೊದಲ ಮೂರು ವಾರ ಕೋಳಿ ಲಿವರ್ ಮೊದಲು ಕೊಟ್ಟು ಆಮೇಲೆ ಶಬ್ದ ಹಾಕುತ್ತಿದ್ದೆ. ಏನಾಯಿತು ಗೊತ್ತಾ? ಲಿವರ್ ಡಬ್ಬಿ ತೆಗೆದರೆ ಸಾಕು, ಕೊಬ್ರಿ ಮಂಚದ ಕೆಳಗೆ. ಲಿವರ್ ಬಂತು ಅಂದರೆ ಬಾಂಬ್ ಬಂತು ಅಂತ ನಾನೇ ಕಲಿಸಿದ್ದೆ! ಸರಿಯಾದ ಕ್ರಮ ಅಂದರೆ ಮೊದಲು ಶಬ್ದ, ಆ ಮೇಲೆ ಒಂದು ಎಣಿಸುವಷ್ಟರಲ್ಲಿ ಲಿವರ್. ಇಷ್ಟು ತಿರುವುಮುರುವು ಮಾಡಿದ್ದಕ್ಕೆ ಒಂದು ತಿಂಗಳು ಹೋಯಿತು.

ಎರಡನೆಯದು ಸ್ಪೀಕರ್. ಮೊಬೈಲಿನ ಸ್ಪೀಕರ್‌ಗೆ ಬೇಸ್ ಇರಲ್ಲ. ಅದರಲ್ಲಿ ಫುಲ್ ವಾಲ್ಯೂಮ್ ಕೊಟ್ಟರೂ ಕೊಬ್ರಿ ಆರಾಮಾಗಿ ಮಲಗಿರುತ್ತಿದ್ದಳು. ನಾನು ಗೆದ್ದೆ ಅಂದುಕೊಂಡೆ. ಆಮೇಲೆ ಮೂರು ಸಾವಿರದ ಚಿಲ್ಲರೆಗೆ ಬೇಸ್ ಇರುವ ಸ್ಪೀಕರ್ ತಂದೆ. ಪಕ್ಕದ ರೂಮಿನಲ್ಲಿ, ದಿಂಬಿನ ಕೆಳಗೆ ಇಟ್ಟು, ಒಂದೇ ಗೆರೆ ವಾಲ್ಯೂಮ್. ಎಡಗಿವಿ ಮಾತ್ರ ಹಿಂದಕ್ಕೆ ತಿರುಗಿತು, ಒಮ್ಮೆ ತುಟಿ ನೆಕ್ಕಿಕೊಂಡಳು. ಆದರೆ ತಿನ್ನುವುದು ನಿಲ್ಲಿಸಲಿಲ್ಲ. ಅದೇ ಸರಿಯಾದ ಮಟ್ಟ. ಕಿವಿ ಪೂರ್ತಿ ಚಪ್ಪಟೆಯಾಯಿತೋ, ಎರಡು ಗೆರೆ ಇಳಿಸಬೇಕು.

ಮಾರ್ಚ್‌ನಲ್ಲಿ ಭಾವಮೈದ ಬಂದಿದ್ದ. "ನಾಯಿಗೆ ಪಟಾಕಿ ಟ್ಯೂಷನ್ನಾ?" ಅಂತ ನಕ್ಕ. ನನಗೆ ರೇಗಿತು. ತೋರಿಸೋಣ ಅಂತ ವಾಲ್ಯೂಮ್ ಐದರಿಂದ ಸೀದಾ ಒಂಬತ್ತಕ್ಕೆ ಏರಿಸಿದೆ. ಹತ್ತು ದಿನ ಅವಳು ಹಾಲ್‌ಗೆ ಕಾಲಿಡಲಿಲ್ಲ.

ಅವತ್ತು ವಾಲ್ಯೂಮ್ ಮಗನ ಕೈಗೆ ಕೊಟ್ಟೆ. ನನಗೆ ತಾಳ್ಮೆ ಇಲ್ಲ, ಅವನಿಗಿದೆ. ಅವನು ಒಂದು ನೋಟ್‌ಬುಕ್‌ನಲ್ಲಿ ಕಾಲಂ ಎಳೆದ: ತಾರೀಕು, ವಾಲ್ಯೂಮ್, ಕಿವಿ, ತಿಂದಳಾ ಇಲ್ವಾ, ಷರಾ. ದಿನಕ್ಕೆ ಐದು ನಿಮಿಷ, ಎಂಟ್ಹತ್ತು ಶಬ್ದ, ಅಷ್ಟೇ. ಒಂದೇ ಹೊತ್ತಿಗೆ ಮಾಡಬಾರದು, ನಾಯಿ ಗಡಿಯಾರ ಕಲಿತುಬಿಡುತ್ತೆ.

ಏಪ್ರಿಲ್ ಕೊನೆಗೆ ನೋಟ್‌ಬುಕ್ ತಿರುವಿ ಹಾಕಿದೆ. ವಾರದಲ್ಲಿ ಎರಡು ಮೂರು ದಿನ ಯಾಕೋ ಕೆಡುತ್ತಿತ್ತು. ಅಂಥ ದಿನಗಳ ಷರಾದಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದ: "ಅಪ್ಪ ಕೂಗಿದರು."

ಭಾಗಾಕಾರ ಹೇಳಿಕೊಡುವಾಗ ನಾನು ಕೂಗುತ್ತಿದ್ದೆ. ಎಲ್ಲ ಅಪ್ಪಂದಿರೂ ಕೂಗುತ್ತಾರೆ, ಅದರಲ್ಲೇನಿದೆ ಅಂದುಕೊಂಡಿದ್ದೆ. ಅವನು ನನ್ನ ಮೇಲೆ ದೂರು ಅಂತ ಬರೆದದ್ದಲ್ಲ, ಸುಮ್ನೆ ಲೆಕ್ಕ ಇಟ್ಟಿದ್ದ. ಅದೇ ಜಾಸ್ತಿ ಚುಚ್ಚಿತು. ಮನೆಯಲ್ಲಿ ಒಂದು ಕರಾರು ಆಯಿತು: ನಾನು ಕೂಗಿದ ದಿನ ಟ್ರೈನಿಂಗ್ ಇಲ್ಲ. ಮೇ ತಿಂಗಳಲ್ಲಿ ಹನ್ನೊಂದು ದಿನ ಕಳೆದುಕೊಂಡೆ. ರಜೆ ಇತ್ತು, ಭಾಗಾಕಾರದ ಪಾಠವೂ ಇರಲಿಲ್ಲ, ಆದರೂ! ಈಗ ನನ್ನ ದನಿ ಏರಿದರೆ ಮಗ ಪುಸ್ತಕದಿಂದ ತಲೆ ಎತ್ತದೆ "ಅಪ್ಪಾ, ಏಳಕ್ಕೆ ಬಂತು" ಅನ್ನುತ್ತಾನೆ. ನಾನು ಎದ್ದು ನೀರು ಕುಡಿದು ಬರುತ್ತೇನೆ.

ಜೂನ್ 3ರ ರಾತ್ರಿ ಆರ್‌ಸಿಬಿ ಕಪ್ ಗೆದ್ದಿತು. ಹದಿನೆಂಟು ಸೀಸನ್ ಕಾದಿದ್ದು, ಊರೆಲ್ಲ ಪಟಾಕಿ. ನಾನೂ ಹಾಲ್‌ನಲ್ಲಿ ಹುಚ್ಚನ ಹಾಗೆ ಕಿರುಚಿದೆ. ಮಾರನೇ ದಿನದ ಷರಾ: "ಅಪ್ಪ + ಆರ್‌ಸಿಬಿ." ಆರರಲ್ಲಿದ್ದವಳು ಎರಡಕ್ಕೆ ಬಂದಳು.

ನಡುವೆ ಏನೇನೋ ಮಾಡಿ ನೋಡಿದೆ. ಕಿವಿಗೆ ಹತ್ತಿ ಇಟ್ಟರೆ ಒಂದೇ ಸಲ ಕೊಡವಿ ಉದುರಿಸಿದಳು. ನನ್ನ ಹಳೇ ಬನಿಯನ್ ಎದೆಗೆ ಬಿಗಿಯಾಗಿ ಸುತ್ತಿದರೆ ಸ್ವಲ್ಪ ಪರವಾಗಿಲ್ಲ. ಪಟಾಕಿಯ ವಾಸನೆಯೂ ಒಂದು ಕಾರಣ ಅಂತ ಸುರುಸುರುಬತ್ತಿಯಿಂದ ಗೊತ್ತಾಯಿತು. ಬೀದಿ ಕೊನೆಯಲ್ಲಿ ಒಂದು ಹಚ್ಚಿದರೆ, ಶಬ್ದವೇ ಇಲ್ಲ, ಆದರೂ ಬಾಲ ಒಳಗೆ. ಹಾಗಾಗಿ ವಾಸನೆಗೂ ಬೇರೆ ಪಾಠ ಮಾಡಿದೆವು. ಲಿವರ್ ಬೇಯಿಸುವಾಗ ನಾನೊಂದು ಸಾಮಾನು ಹಾಕುತ್ತೇನೆ, ಡಾಕ್ಟರ್‌ಗೆ ತೋರಿಸಿದ್ದೇನೆ, ಬೇಡ ಅಂದಿಲ್ಲ. ಏನು ಅಂತ ಭಾವಮೈದನಿಗೂ ಹೇಳಿಲ್ಲ, ಇಲ್ಲೂ ಹೇಳಲ್ಲ. ಈರುಳ್ಳಿ, ಬೆಳ್ಳುಳ್ಳಿ ಅಂತೂ ಅಲ್ಲ, ಅವು ನಾಯಿಗೆ ವಿಷ.

ಗಣೇಶನ ಮೆರವಣಿಗೆಯ ತಮಟೆಗೆ ಕೊಬ್ರಿ ಬಾಗಿಲವರೆಗೆ ಬಂದು ವಾಪಸ್ ಹೋದಳು. ಓಡಲಿಲ್ಲ, ನಡೆದು ಹೋದಳು. ಮಗ ಅದಕ್ಕೆ ಎರಡು ಸಲ ಅಡಿಗೆರೆ ಎಳೆದಿದ್ದಾನೆ.

ಅಕ್ಟೋಬರ್‌ನ ದೀಪಾವಳಿಗೆ ನಾನು ಧೈರ್ಯ ಮಾಡಿದೆ, ಆದರೆ ಪೆದ್ದತನ ಮಾಡಲಿಲ್ಲ. ನಾಲ್ಕು ಗಂಟೆಗೇ ವಾಕಿಂಗ್ ಮುಗಿಸಿ ಗೇಟಿಗೆ ಬೀಗ. ಕೊರಳಲ್ಲಿ ಫೋನ್ ನಂಬರ್ ಇರುವ ಬಿಲ್ಲೆ. ಮೆಟ್ಟಿಲ ಕೆಳಗೆ ಜಮಖಾನ, ಪಕ್ಕದಲ್ಲಿ ಫ್ಯಾನ್. ಅಮಾವಾಸ್ಯೆ ರಾತ್ರಿ ಗೇಟಿನ ಹತ್ತಿರವೇ ಲಕ್ಷ್ಮಿ ಬಾಂಬ್ ಸಿಡಿಯಿತು. ನನ್ನ ಎದೆಯೇ ಧಸಕ್ ಅಂತು. ಕೊಬ್ರಿ ಎದ್ದಳು, ಮೈ ಕೊಡವಿದಳು, ಬಂದು ಮಗನ ಚಡ್ಡಿ ಜೇಬಿಗೆ ಮೂಗು ತೂರಿಸಿದಳು. ಲಿವರ್ ಎಲ್ಲಿ ಅಂತ! ಭಾವಮೈದ ಅಲ್ಲೇ ಕೂತು ಕಜ್ಜಾಯ ತಿನ್ನುತ್ತಿದ್ದ. ಏನೂ ಮಾತಾಡಲಿಲ್ಲ.

ಟ್ರೈನರ್, ಟೋಪಿ, ಸ್ಪೀಕರ್, ಲಿವರ್ ಎಲ್ಲ ಸೇರಿ ಹದಿನೈದು ಸಾವಿರದ ಆಸುಪಾಸು ಆಗಿರಬೇಕು. ಅದರಲ್ಲಿ ಅರ್ಧ ದಂಡ. ಇನ್ನೊಂದು ಎಡವಟ್ಟೂ ಆಗಿದೆ: ಈಗ ಕುಕ್ಕರ್ ಕೂಗಿದರೂ, ಬಾಗಿಲು ಬಡಿದುಕೊಂಡರೂ ಓಡಿಬಂದು ಲಿವರ್ ಕೇಳುತ್ತಾಳೆ. ಒಂದೂವರೆ ಕೆಜಿ ಏರಿದ್ದಾಳೆ.

ಗುಡುಗು ಮಾತ್ರ ಬಗ್ಗಿಲ್ಲ. ಮೋಡ ಕಟ್ಟುವ ಮೊದಲೇ ಅವಳಿಗೆ ಗೊತ್ತಾಗಿ ಏದುಸಿರು ಶುರು. ಸ್ಪೀಕರ್‌ನಲ್ಲಿ ಗುಡುಗು ಹಾಕಿದರೆ ಕಿಟಕಿ ಕಡೆ ನೋಡಿ, ಆಕಳಿಸಿ ಮಲಗುತ್ತಾಳೆ. ಮಗ ಹೊಸ ನೋಟ್‌ಬುಕ್ ತಂದಿದ್ದಾನೆ. ಷರಾ ಕಾಲಂ ಈ ಸಲ ಸ್ವಲ್ಪ ಅಗಲ ಎಳೆದಿದ್ದಾನೆ, ಯಾಕೆ ಅಂತ ನಾನು ಕೇಳಲಿಲ್ಲ.